ಕರುಳಿನ ಕಾಯಿಲೆ ಇರೋರಿಗೆ ಲಸಿಕೆ ಹಾಕೋ ಮೈಸೂರಿನ ಒಂದು ಕ್ಲಿನಿಕ್ಕು: ನನ್ನ ಅನುಭವ

ಐದಕ್ಕೆ ನಾಲ್ಕು ಸ್ಟಾರು. ಆ ಒಂದು ಯಾಕೆ ಕಮ್ಮಿ ಅಂತ ಮುಂದೆ ಬರ್ದಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಅಲ್ಸರೇಟಿವ್ ಕೊಲೈಟಿಸ್ ಆಗ್ಲಿ ಕ್ರೋನ್ಸ್ ಆಗ್ಲಿ (ಎರಡೂ ಕರುಳಿಗೆ ಊತ ಬರೋ ದೀರ್ಘಕಾಲದ ಕಾಯಿಲೆ) ಇರೋರು, ಇಲ್ಲ ಮನೇಲಿ ಅಂಥೋರು ಯಾರಾದ್ರೂ ಇದ್ರೆ, ದಯವಿಟ್ಟು ಪೂರ್ತಿ ಓದಿ, ಯಾಕಂದ್ರೆ ನಮ್ಮಂಥೋರು ಲಸಿಕೆ ಹಾಕಿಸ್ಕೋಬೇಕು ಅನ್ನೋ ವಿಷಯ ನಂಗೆ ಗೊತ್ತಾಗಿದ್ದು ಕಾಯಿಲೆ ಬಂದು ಒಂಬತ್ತು ವರ್ಷ ಆದ್ಮೇಲೆ, ಅದೂ ಯಾವ ಡಾಕ್ಟ್ರೂ ಹೇಳಿ ಅಲ್ಲ. ಕ್ಲಿನಿಕ್ ಹೆಸರು ಹಾಕಿಲ್ಲ, ಬರೀಲಾ ಸಾರ್ ಅಂತ ಕೇಳಿದ್ದಕ್ಕೆ ಡಾಕ್ಟ್ರು "ಹೆಸರು ಬೇಡಮ್ಮ, ವಿಷಯ ಬರೀರಿ ಸಾಕು" ಅಂದ್ರು. ಸರಸ್ವತಿಪುರಂ ಕಡೆ ಇದೆ, ಕರುಳಿನ ಡಾಕ್ಟ್ರ ಕ್ಲಿನಿಕ್ಕಿನ ಒಳಗೇ ಒಂದು ರೂಮು ದೊಡ್ಡೋರ ಲಸಿಕೆಗೆ ಅಂತ ಬಿಟ್ಟಿದ್ದಾರೆ, ನಾನು ರಿವ್ಯೂ ಬರೀತಿರೋದು ಆ ರೂಮಿನ ಬಗ್ಗೆ.

ಮೊದ್ಲು ನನ್ನ ಕಥೆ ಹೇಳ್ಬಿಡ್ತೀನಿ. ನಾನು ಹೈಸ್ಕೂಲ್ ಟೀಚರ್, ಈಗ 53 ವರ್ಷ. 2014ರಲ್ಲಿ ಕೊಲೈಟಿಸ್ ಅಂತ ಗೊತ್ತಾಯ್ತು, ರಕ್ತ ಹೋಗ್ತಿತ್ತು, ದಿನಕ್ಕೆ ಹತ್ತು ಹನ್ನೆರಡು ಸಲ, ಪಾಠದ ಮಧ್ಯೆ ಚಾಕ್ ಪೀಸ್ ಮೇಜಿನ ಮೇಲೆ ಬಿಟ್ಟು ಓಡಿದ್ದು ಎಷ್ಟು ಸಲ ಅಂತ ಲೆಕ್ಕ ಇಲ್ಲ. ಮೊದ್ಲು ಮೆಸಾಲಮಿನ್, ಆಮೇಲೆ ಸ್ಟೀರಾಯ್ಡು, 2016ರಿಂದ ಅಜಥಯೋಪ್ರಿನ್. ಅಜಥಯೋಪ್ರಿನ್ ಅಂದ್ರೆ ದೇಹದ ರೋಗನಿರೋಧಕ ಶಕ್ತಿನ ತಗ್ಗಿಸೋ ಮಾತ್ರೆ, ನಮ್ಮ ಕಾಯಿಲೇಲಿ ನಮ್ಮ ದೇಹವೇ ನಮ್ಮ ಕರುಳಿನ ಮೇಲೆ ಯುದ್ಧ ಮಾಡೋದ್ರಿಂದ ಆ ಯುದ್ಧ ನಿಲ್ಲಿಸೋಕೆ ಕೊಡ್ತಾರೆ. ಕರುಳು ಸುಧಾರಿಸುತ್ತೆ, ನಿಜ, ಆದ್ರೆ ಹೊರಗಿಂದ ಬರೋ ರೋಗಕ್ಕೆ ಬಾಗಿಲು ಸ್ವಲ್ಪ ತೆರೆದ ಹಾಗೂ ಆಗುತ್ತೆ. ಆ ಮಾತ್ರೆ ಶುರು ಮಾಡಿದ ಕಡೆ ರಕ್ತ ಪರೀಕ್ಷೆ ತಪ್ಪದೆ ಮಾಡಿಸ್ತಿದ್ರು, ಲಿವರ್ ನೋಡ್ತಿದ್ರು, ಖಾರ ತಿನ್ಬೇಡಿ ಅಂತಿದ್ರು, ಆದ್ರೆ "ನಿಮಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿತ್ತಾ, ಹೆಪಟೈಟಿಸ್ ಬಿ ಲಸಿಕೆ ಆಗಿದ್ಯಾ" ಅಂತ ಒಂದೇ ಒಂದು ಸಲ ಕೇಳಿಲ್ಲ. ಏಳು ವರ್ಷ ಅದೇ ಮಾತ್ರೆ ನುಂಗಿದ್ದೀನಿ.

ಹೇಳಿದ್ದು ಯಾರು ಅಂದ್ರೆ ನಮ್ಮ ಚಿಕ್ಕಮ್ಮನ ಮಗ. ಬೆಂಗಳೂರಲ್ಲಿ ಲ್ಯಾಬಲ್ಲಿ ಕೆಲಸ ಅವನಿಗೆ. 2023ರಲ್ಲಿ ನಂಜನಗೂಡಲ್ಲಿ ಒಂದು ಗೃಹಪ್ರವೇಶ, ಊಟಕ್ಕೆ ಕೂತಾಗ ನನ್ನ ಮಾತ್ರೆ ಶೀಟು ನೋಡಿ "ಅಕ್ಕ, ಇದನ್ನ ತಗೊಳ್ಳೋರು ನ್ಯುಮೋನಿಯಾ ಲಸಿಕೆ, ಫ್ಲೂ ಲಸಿಕೆ ಎಲ್ಲ ಹಾಕಿಸ್ಕೋಬೇಕಲ್ವಾ, ನಿನ್ನ ಲಸಿಕೆ ಕಾರ್ಡ್ ಎಲ್ಲಿ" ಅಂದ. ಲಸಿಕೆ ಕಾರ್ಡಾ? ನಂಗೆ ಗೊತ್ತಿದ್ದ ಲಸಿಕೆ ಕಾರ್ಡು ನನ್ನ ಮಗಳದ್ದು, ಇಲ್ಲಾಂದ್ರೆ ಕೋವಿಡ್‌ದು. ಅಕಸ್ಮಾತ್ ಆ ಪಂಕ್ತೀಲಿ ಅವನ ಪಕ್ಕ ಕೂರದೆ ಇದ್ದಿದ್ರೆ ಇವತ್ತಿಗೂ ನಂಗೆ ಗೊತ್ತಾಗ್ತಿರ್ಲಿಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಇದೇ ಮಾತಿಗೆ ಬರ್ತೀನಿ.

ಅವನೇ ಹುಡುಕಿ ಈ ಡಾಕ್ಟ್ರ ನಂಬರ್ ಕೊಟ್ಟ. ಮೊದಲ ದಿನ ಹೋದಾಗ ನನ್ನ ಕಣ್ಣಿಗೆ ಬಿದ್ದಿದ್ದು ಟಾಯ್ಲೆಟ್ಟು. ನಮ್ಮ ಕಾಯಿಲೆಯವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬೇರೆಯೋರಿಗೆ ಅರ್ಥ ಆಗಲ್ಲ. ವೇಟಿಂಗ್ ಹಾಲಿಗೆ ಅಂಟಿಕೊಂಡ ಹಾಗೇ ಎರಡು ಟಾಯ್ಲೆಟ್ಟು, ಬೀಗ ಇಲ್ಲ, ಕೌಂಟರಲ್ಲಿ ಕೀ ಕೇಳೋ ಹಾಗಿಲ್ಲ, ಒಂದು ಇಂಡಿಯನ್ನು ಒಂದು ವೆಸ್ಟರ್ನು, ಬಕೆಟ್ಟಲ್ಲಿ ನೀರು ತುಂಬಿ ಇರುತ್ತೆ, ಮೂಲೇಲಿ ಸಣ್ಣ ಸ್ಟ್ಯಾಂಡಲ್ಲಿ ಪ್ಯಾಡು ಮತ್ತೆ ಒಂದು ಜೊತೆ ಹೊಸ ಒಳಲಂಗ ಕೂಡ ಮಡಚಿ ಇಟ್ಟಿದ್ರು. ಕೇಳ್ದೇ ಇಟ್ಟಿದ್ರು. ಅದನ್ನ ನೋಡಿ ನಂಗೆ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಲಸಿಕೆ ರೂಮಲ್ಲಿ ಇರೋ ಸಿಸ್ಟರ್ ಕೆ.ಆರ್.ನಗರದ ಕಡೆಯೋರು, ಮಾತು ಸ್ವಲ್ಪ ಜೋರು, ಮನಸ್ಸು ಬೆಣ್ಣೆ. ಸೂಜಿ ಹಿಡಿಯೋಕೆ ಮುಂಚೆ ಅರ್ಧ ಗಂಟೆ ಪ್ರಶ್ನೆ ಕೇಳ್ತಾರೆ. ಯಾವ ಮಾತ್ರೆ, ಎಷ್ಟು ವರ್ಷದಿಂದ, ಸ್ಟೀರಾಯ್ಡ್ ಈಗ ನಡೀತಿದ್ಯಾ, ಬಯಲಾಜಿಕ್ ಇಂಜೆಕ್ಷನ್ (ಇದೂ ರೋಗನಿರೋಧಕ ಶಕ್ತಿ ತಗ್ಗಿಸೋದೇ) ಶುರು ಮಾಡೋ ಯೋಚನೆ ಇದ್ಯಾ, ಚಿಕ್ಕಂದಿನಲ್ಲಿ ಅಮ್ಮ (ಸೀತಾಳೆ ಸಿಡುಬು) ಆಗಿತ್ತಾ, ದಡಾರ ಆಗಿತ್ತಾ, ಮನೇಲಿ ಚಿಕ್ಕ ಮಕ್ಕಳಿದ್ದಾರಾ, ಕಾಮಾಲೆ ಯಾರಿಗಾದ್ರೂ ಬಂದಿತ್ತಾ. ನನಗೆ ಅಮ್ಮ ಆಗಿದ್ದು ಖಚಿತ ಇರ್ಲಿಲ್ಲ, ನಮ್ಮಮ್ಮನ್ನ ಕೇಳೋಣ ಅಂದ್ರೆ ಅವ್ರು ಹೋಗಿ ಆರು ವರ್ಷ ಆಗಿತ್ತು. ಅದಕ್ಕೆ ರಕ್ತದಲ್ಲಿ ಪ್ರತಿಕಾಯ, ಅಂದ್ರೆ ಆ ರೋಗದ ವಿರುದ್ಧ ದೇಹ ಮಾಡ್ಕೊಳ್ಳೋ ಕಾವಲು, ಇದ್ಯಾ ಅಂತ ಟೆಸ್ಟ್ ಬರ್ಕೊಟ್ರು. ಜೊತೆಗೆ ಹೆಪಟೈಟಿಸ್ ಬಿ ದೇಹದಲ್ಲಿ ಅಡಗಿ ಕೂತಿದ್ಯಾ ಅಂತಲೂ ಟೆಸ್ಟು, ಯಾಕಂದ್ರೆ ಅದು ಸುಮ್ನೆ ಮಲಗಿದ್ರೂ ಇನ್‌ಫ್ಲಿಕ್ಸಿಮ್ಯಾಬ್ ಥರದ ಇಂಜೆಕ್ಷನ್ ಕೊಟ್ಟಾಗ ಎದ್ದು ಲಿವರ್ ಹಾಳು ಮಾಡ್ಬಹುದಂತೆ.

ಆಮೇಲೆ ಲಸಿಕೆ ಅಂದ್ರೆ ಎಲ್ಲ ಒಂದೇ ಅಲ್ಲ ಅಂತ ಅವ್ರು ಬಿಡಿಸಿ ಹೇಳಿದ ರೀತಿ ನಂಗೆ ತುಂಬ ಇಷ್ಟ ಆಯ್ತು, ಒಬ್ಬ ಟೀಚರಾಗಿ ಹೇಳ್ತಿದ್ದೀನಿ. "ಎರಡು ಥರ ಅಮ್ಮ. ಒಂದು ಜೀವ ಇರೋ ಕ್ರಿಮೀನ ಸೊರಗಿಸಿ ಮಾಡಿರೋದು, ಒಂದು ಸತ್ತ ಕ್ರಿಮಿ, ಇಲ್ಲ ಅದರ ಒಂದು ಚೂರು ಮಾತ್ರ. ಜೀವ ಇರೋದು ನಿಮಗೆ ಈಗ ಬೇಡ. ಸತ್ತಿದ್ದು ಎಲ್ಲ ಹಾಕ್ಬಹುದು." ಅಂದ್ರೆ ದಡಾರದ ಎಂಎಂಆರ್, ಸೀತಾಳೆ ಸಿಡುಬಿನ ಲಸಿಕೆ, ಮೂಗಿಗೆ ಸ್ಪ್ರೇ ಮಾಡೋ ಫ್ಲೂ ಲಸಿಕೆ, ಇವೆಲ್ಲ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ಮೇಲೆ ಇರೋರಿಗೆ ಕೊಡಲ್ಲ, ಬೇಕೇ ಬೇಕಿದ್ರೆ ಔಷಧಿ ಶುರು ಮಾಡೋಕೆ ಕನಿಷ್ಠ ನಾಲ್ಕು ವಾರ ಮುಂಚೆ ಹಾಕಿರ್ಬೇಕು. ಫ್ಲೂ ಇಂಜೆಕ್ಷನ್, ನ್ಯುಮೋನಿಯಾದ್ದು, ಹೆಪಟೈಟಿಸ್ ಬಿ, ಧನುರ್ವಾಯು, ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ, ಸರ್ಪಸುತ್ತಿನ ಹೊಸ ಲಸಿಕೆ, ಇವೆಲ್ಲ ಎರಡನೇ ಥರದ್ದು, ಮಾತ್ರೆ ನಿಲ್ಲಿಸ್ದೇನೇ ಹಾಕ್ಬಹುದು. ನನ್ನ ಎದೇಲಿ ಕೂತಿದ್ದ ಭಯ ಒಂದೇ, ಲಸಿಕೆ ಹಾಕಿಸ್ಕೊಂಡ್ರೆ ಕೊಲೈಟಿಸ್ ಮತ್ತೆ ಕೆರಳಿಬಿಟ್ರೆ? ಡಾಕ್ಟ್ರೇ ಒಳಗೆ ಬಂದು ಕೂತು ಹೇಳಿದ್ರು, ಇದನ್ನ ತುಂಬ ದೇಶಗಳಲ್ಲಿ ನೋಡಿದ್ದಾರೆ, ಲಸಿಕೆಯಿಂದ ಕಾಯಿಲೆ ಕೆರಳೋದು ಹೆಚ್ಚಾಗಿಲ್ಲ ಅಂತ. ಈ ಎರಡೂವರೆ ವರ್ಷದಲ್ಲಿ ನನಗಂತೂ ಕೆರಳಿಲ್ಲ.

ಹಾಕಿಸ್ಕೊಂಡಿದ್ದು ಹೀಗೆ. ಮೊದಲ ದಿನ ನ್ಯುಮೋನಿಯಾದ ಪ್ರಿವೆನಾರ್ 13 ಒಂದು ತೋಳಿಗೆ, ಫ್ಲೂ ಇನ್ನೊಂದು ತೋಳಿಗೆ. ಎಂಟು ವಾರ ಆದ್ಮೇಲೆ ನ್ಯುಮೋನಿಯಾದ್ದೇ ಇನ್ನೊಂದು, 23 ಅಂತ ಕರೀತಾರಲ್ಲ ಅದು. ಹೆಪಟೈಟಿಸ್ ಬಿ ಮೂರು ಡೋಸು, ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೇದು. ಪ್ರತಿ ಸಲ ಫ್ರಿಜ್ ಬಾಗಿಲಿನ ಮೇಲಿರೋ ಟೆಂಪರೇಚರ್ ಮೀಟರ್ ತೋರಿಸ್ತಾರೆ, ಎರಡರಿಂದ ಎಂಟು ಡಿಗ್ರಿ ಒಳಗೆ ಇರ್ಬೇಕು, ಬೆಳಿಗ್ಗೆ ಸಂಜೆ ಬರೆದಿಟ್ಟಿರೋ ಪುಸ್ತಕಾನೂ ಅಲ್ಲೇ ನೇತುಹಾಕಿದ್ದಾರೆ. ಬಾಟಲಿ ನಮ್ಮ ಕೈಗೆ ಕೊಟ್ಟು "ತಾರೀಖು ಓದಿ ಅಮ್ಮ" ಅಂತಾರೆ, ಓದಿದ್ಮೇಲೇನೇ ತೆಗೆಯೋದು. ಬ್ಯಾಚ್ ನಂಬರ್ ಸ್ಟಿಕ್ಕರ್ ಕಾರ್ಡಿಗೆ ಅಂಟಿಸ್ತಾರೆ. ಹಾಕಿಸ್ಕೊಂಡು ಅರ್ಧ ಗಂಟೆ ಕೂರಿಸ್ತಾರೆ, ಎದ್ದು ಹೋಗೋಕೆ ಬಿಡಲ್ಲ.

ಆ ಅರ್ಧ ಗಂಟೆ ಕೂತಾಗ ಎದುರಿಗೆ ಗೋಡೆ ಮೇಲೆ ಒಂದು ದೊಡ್ಡ ಫೋಟೋ ಕಾಣುತ್ತೆ. ಥಾಮಸ್ ಹಿಕ್ಕಿ ಅನ್ನೋ ಚಿತ್ರಕಾರ 1805ರ ಸುಮಾರಿಗೆ ಬರೆದ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ. ಬಲಗಡೆ ಇರೋ ಕಿರಿ ರಾಣಿ ಸೆರಗು ಸರಿಸಿ ತೋಳು ತೋರಿಸ್ತಿರೋದು ಸಿಡುಬಿನ ಲಸಿಕೆ ಹಾಕಿಸ್ಕೊಂಡ ಜಾಗ ಅಂತ, ಮಧ್ಯೆ ನಿಂತಿರೋದು ಮಹಾರಾಣಿ ಲಕ್ಷ್ಮಮ್ಮಣ್ಣಿಯೋರು ಅಂತ ಒಬ್ಬ ಇತಿಹಾಸಕಾರರು ಗುರುತಿಸಿದ್ದಾರೆ. ಲಸಿಕೆ ಇಂಡಿಯಾಕ್ಕೆ ಬಂದಿದ್ದೇ 1802ರಲ್ಲಿ, ಮೂರೇ ವರ್ಷದಲ್ಲಿ ನಮ್ಮ ಅರಮನೆ ಹೆಂಗಸರು ಜನರ ಭಯ ಹೋಗ್ಲಿ ಅಂತ ತೋಳು ಮುಂದೆ ಮಾಡಿದ್ದಾರೆ. ಅದನ್ನ ನೋಡ್ತಾ ಕೂತ್ಕೊಳ್ಳೋದು ನಂಗೆ ಸಮಾಧಾನ.

ಸರ್ಪಸುತ್ತಿನ ಲಸಿಕೆ ಬಗ್ಗೆ ಬಿಡಿಸಿ ಬರೀಬೇಕು, ಎಲ್ಲರೂ ಕೇಳೋದು ಅದನ್ನೇ. ಹೆಸರು ಶಿಂಗ್ರಿಕ್ಸ್, ನಮ್ಮ ದೇಶಕ್ಕೆ ಬಂದಿದ್ದು 2023ರಲ್ಲಿ. ಸೀತಾಳೆ ಸಿಡುಬಿನ ವೈರಸ್ಸೇ ನಮ್ಮ ನರದೊಳಗೆ ವರ್ಷಾನುಗಟ್ಟಲೆ ಮಲಗಿದ್ದು, ವಯಸ್ಸಾದಾಗಲೋ ಶಕ್ತಿ ಕುಗ್ಗಿದಾಗಲೋ ಸರ್ಪಸುತ್ತಾಗಿ ಏಳೋದು, ಹಾಗಾಗಿ ನಮ್ಮ ಔಷಧಿ ತಗೊಳ್ಳೋರಿಗೆ ಅಪಾಯ ಜಾಸ್ತಿ, ಟೋಫಾಸಿಟಿನಿಬ್ ಅನ್ನೋ ಮಾತ್ರೆ ತಗೊಳ್ಳೋರಿಗಂತೂ ಇನ್ನೂ ಜಾಸ್ತಿ. ಎರಡು ಡೋಸು. ಒಂದೊಂದಕ್ಕೆ ಹತ್ತು ಸಾವಿರದ ಆಸುಪಾಸು. ಹೌದು, ಸರಿಯಾಗೇ ಓದಿದ್ರಿ. 50 ದಾಟಿದ ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ರಕ್ಷಣೆ ಕೊಡುತ್ತೆ ಅಂತ ದೊಡ್ಡ ಪರೀಕ್ಷೆಗಳಲ್ಲಿ ಸಾಬೀತಾಗಿದೆ, ಶಕ್ತಿ ಕುಗ್ಗಿದೋರಲ್ಲಿ ಅಷ್ಟಿಲ್ಲದಿದ್ರೂ ಒಳ್ಳೇದೇ. ಹಾಕಿಸ್ಕೊಂಡ ರಾತ್ರಿ ತೋಳು ಕಲ್ಲಿನ ಹಾಗೆ ಆಯ್ತು, ಚಳಿ ಜ್ವರ, ಮೈಕೈ ನೋವು, ಬ್ಲೌಸ್ ತೋಳು ಬಿಗಿಯಾಗಿ ಹೊಲಿಗೆ ಬಿಚ್ಚಿಸಬೇಕಾಯ್ತು. ಎರಡನೇ ದಿನ ಮಧ್ಯಾಹ್ನಕ್ಕೆ ಪೂರ್ತಿ ಸರಿ ಹೋಯ್ತು. ಹೀಗಾಗುತ್ತೆ ಅಂತ ಸಿಸ್ಟರ್ ಮುಂಚೇನೇ ಹೇಳಿದ್ರು, ಅದಕ್ಕೆ ಶುಕ್ರವಾರ ಹಾಕಿಸ್ಕೊಂಡು ಶನಿವಾರ ರಜೆ ಹಾಕಿದ್ದೆ. ನೀವೂ ಹಾಗೇ ಮಾಡಿ.

ಇಷ್ಟೇ ಆಗಿದ್ರೆ ಐದಕ್ಕೆ ಐದು ಕೊಟ್ಟು ಸುಮ್ನಾಗ್ತಿದ್ದೆ.

2024ರ ಜುಲೈನಲ್ಲಿ ಒಂದಿನ ಓಪಿಡಿಗೆ ಕಾಯ್ತಾ ಕೂತಿದ್ದೆ. ಪಕ್ಕದಲ್ಲಿ ಪಾಂಡವಪುರದ ಕಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು, ನನಗಿಂತ ಏಳೆಂಟು ವರ್ಷ ಚಿಕ್ಕೋಳು. ಬೆನ್ನು ಕುರ್ಚಿಗೆ ತಾಗಿಸ್ತಿಲ್ಲ, ತುದೀಲಿ ನೆಟ್ಟಗೆ ಕೂತಿದ್ದಾಳೆ, ಸೆರಗನ್ನ ಎಡಗಡೆಯಿಂದ ಎತ್ತಿ ಕೈಯಲ್ಲಿ ಹಿಡ್ಕೊಂಡಿದ್ದಾಳೆ ಬಟ್ಟೆ ಮೈಗೆ ಸೋಕದ ಹಾಗೆ. ಯಾಕಮ್ಮ ಅಂತ ಕೇಳ್ದೆ. "ಸರ್ಪಸುತ್ತಾಗಿತ್ತು ಕಣಕ್ಕ, ಯುಗಾದಿ ಮುಂದೆ. ಗುಳ್ಳೆ ಎಲ್ಲ ಒಣಗೋಗಿ ಮೂರ್ ತಿಂಗ್ಳಾಯ್ತು, ಉರಿ ಮಾತ್ರ ಓಯ್ತಿಲ್ಲ. ರವ್ಕೆ ಆಕಕ್ಕಾಗಲ್ಲ, ಗಾಳಿ ಬೀಸಿದ್ರೂ ಬೆಂಕಿ ಇಕ್ಕದಂಗಾಯ್ತದೆ." ಊರಲ್ಲಿ ಮೊದ್ಲು ಕೆಮ್ಮಣ್ಣು ಹಚ್ಚಿ, ಸುತ್ತು ಪೂರ್ತಿ ಆದ್ರೆ ಜೀವ ಉಳಿಯಲ್ಲ ಅಂತ ಹೆದರಿಸಿ, ಆಸ್ಪತ್ರೆಗೆ ಬರೋ ಹೊತ್ತಿಗೆ ಎಂಟು ದಿನ ಆಗಿತ್ತಂತೆ. ಸರ್ಪಸುತ್ತಿಗೆ ಮಾತ್ರೆ ಶುರು ಮಾಡೋದು ಗುಳ್ಳೆ ಎದ್ದ ಮೂರು ದಿನದೊಳಗಾದ್ರೆ ಒಳ್ಳೇದು. ಎಂಟು ದಿನ ಅಂದ್ರೆ ತಡ.

ಚೀಟಿ ನೋಡಿದೆ. ಅವಳಿಗೂ ಕೊಲೈಟಿಸ್ಸು. ಅದೇ ಅಜಥಯೋಪ್ರಿನ್, ಜೊತೆಗೆ ಸ್ಟೀರಾಯ್ಡು. ಐದು ವರ್ಷದಿಂದ. ಅದೇ ಕಾಯಿಲೆ, ಅದೇ ಮಾತ್ರೆ, ಅದೇ ಮಿಲಿಗ್ರಾಮು, ನನ್ನ ಬ್ಯಾಗಲ್ಲಿ ಸ್ಟಿಕ್ಕರ್ ತುಂಬಿದ ಕಾರ್ಡಿದೆ, ಅವಳ ಕೈಲಿ ಏನೂ ಇಲ್ಲ. ಯಾವುದಾದ್ರೂ ಲಸಿಕೆ ಹಾಕಿಸಿದ್ಯಾಮ್ಮ ಅಂದೆ. "ಕೋವಿಡ್‌ದು ಸ್ಕೂಲತ್ರ ಎಲ್ರಿಗೂ ಆಕಿದ್ರಲ್ಲ, ಅದು ಆಕಿಸ್ಕಂಡೆ. ಬೇರೆದು ಅದೆ ಅಂತ ನಂಗ್ಯಾರೂ ಯೋಳ್ನಿಲ್ಲ ಕಣಕ್ಕ."

ಈ ಮಾತು ಎರಡು ದಿನ ನನ್ನ ತಲೇಲಿ ಸುತ್ತಿತು. ಕೋವಿಡ್ ಲಸಿಕೆ ಹಾಕಿಸ್ಕೊಂಡಿದ್ದಾಳೆ, ಅಂದ್ರೆ ಅವಳಿಗೆ ಲಸಿಕೆ ಬೇಡ ಅಂತಲ್ಲ, ಭಯ ಅಂತಲೂ ಅಲ್ಲ. ಊರ ಸ್ಕೂಲ್ ಹತ್ರ ಬಂತು, ಆಶಾ ಕಾರ್ಯಕರ್ತೆ ಮನೆಗೆ ಬಂದು ಕರೆದ್ರು, ದುಡ್ಡು ಕೇಳ್ಲಿಲ್ಲ, ಹಾಕಿಸ್ಕೊಂಡ್ಳು. ಎಲ್ಲರೂ ಸುಲಭವಾಗಿ "ಹಳ್ಳಿ ಜನ, ತಿಳುವಳಿಕೆ ಇಲ್ಲ" ಅಂತ ಹೇಳಿಬಿಡ್ತಾರೆ, ನಾನೂ ಸ್ಟಾಫ್ ರೂಮಲ್ಲಿ ಎಷ್ಟೋ ಸಲ ಕೇಳಿದ್ದೀನಿ. ತಿಳುವಳಿಕೆ ನಂಗೂ ಇರ್ಲಿಲ್ಲ. ಬಿಎಡ್ ಮಾಡಿ ಇಪ್ಪತ್ತೈದು ವರ್ಷ ಪಾಠ ಮಾಡಿರೋ ನಂಗೆ ಒಂಬತ್ತು ವರ್ಷ ಗೊತ್ತಿರ್ಲಿಲ್ಲ. ನಂಗೆ ಲ್ಯಾಬಲ್ಲಿ ಕೆಲಸ ಮಾಡೋ ತಮ್ಮ ಇದ್ದ, ಅವಳಿಗೆ ಇರ್ಲಿಲ್ಲ, ವ್ಯತ್ಯಾಸ ಅಷ್ಟೇ.

ದುಡ್ಡು ಕಾರಣ ಅಲ್ವಾ ಅಂದ್ರೆ, ಹೌದು, ಶಿಂಗ್ರಿಕ್ಸಿಗೆ ದುಡ್ಡೇ ಕಾರಣ. ಆಲೆಮನೇಲಿ ಕೂಲಿ ಮಾಡೋರು ಇಪ್ಪತ್ತು ಸಾವಿರ ಎಲ್ಲಿಂದ ತರ್ತಾರೆ. ಆಯುಷ್ಮಾನ್ ಕಾರ್ಡ್ ಇದ್ರೂ ಅದು ಆಸ್ಪತ್ರೆಗೆ ಅಡ್ಮಿಟ್ ಆದಾಗಿನ ಖರ್ಚಿಗೆ, ತೋಳಿಗೆ ಲಸಿಕೆ ಹಾಕಿಸ್ಕೊಂಡು ಮನೆಗೆ ಹೋಗೋದಕ್ಕಲ್ಲ. ನ್ಯುಮೋನಿಯಾ ಬಂದು ಐಸಿಯುಗೆ ಹೋದ್ರೆ ಸರ್ಕಾರ ಕೊಡುತ್ತೆ, ನ್ಯುಮೋನಿಯಾ ಬರದೇ ಇರೋ ಹಾಗೆ ನೋಡ್ಕೊಳ್ಳೋಕೆ ಕೊಡಲ್ಲ, ಇದು ನಂಗೆ ಅರ್ಥವೇ ಆಗಲ್ಲ. ಆದ್ರೆ ಹೆಪಟೈಟಿಸ್ ಬಿ? ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್‌ನೋರು 1997ರಲ್ಲೇ ಶಾನ್ವ್ಯಾಕ್ ಅಂತ ನಮ್ಮ ದೇಶದಲ್ಲೇ ಮಾಡಿ ರೇಟು ಇಳಿಸಿಬಿಟ್ರು, ಇವತ್ತು ಒಂದು ಡೋಸು ಒಂದು ಸಿನಿಮಾ ಟಿಕೆಟ್ಟಿನಷ್ಟು. ಅದನ್ನೂ ಅವಳಿಗೆ ಯಾರೂ ಹಾಕಿಲ್ಲ. ಮಕ್ಕಳಿಗೆ ದೇಶಾದ್ಯಂತ ಉಚಿತವಾಗಿ ಹೆಪಟೈಟಿಸ್ ಬಿ ಕೊಡೋಕೆ ಶುರುವಾಗಿದ್ದೇ 2011ರಲ್ಲಿ, ನಮ್ಮ ವಯಸ್ಸಿನೋರಿಗೆ ಯಾರಿಗೂ ಚಿಕ್ಕಂದಿನಲ್ಲಿ ಆಗಿರಲ್ಲ. ಸರ್ಕಾರದ ಲಸಿಕೆ ಕಾರ್ಯಕ್ರಮ ಅಂದ್ರೆ ಮಕ್ಕಳು ಮತ್ತೆ ಬಸುರಿ ಹೆಂಗಸರು, ಉಳಿದ ದೊಡ್ಡೋರು ಆ ಪಟ್ಟೀಲಿ ಇಲ್ಲ ಅನ್ನೋಷ್ಟು ಕಮ್ಮಿ. ಅಷ್ಟು ಅಗ್ಗದ್ದೂ ಸಿಕ್ಕಿಲ್ಲ ಅಂದ್ರೆ ಅಲ್ಲಿ ಕೊರತೆ ದುಡ್ಡಿಂದಲ್ಲ, ಬಾಯಿ ಬಿಟ್ಟು ಹೇಳೋರದ್ದು.

ಡಾಕ್ಟ್ರ ಹತ್ರ ಇದನ್ನೇ ಕೇಳಿದೆ. ಅವ್ರು ಹೇಳಿದ್ದು, ಇದು ನಮ್ಮಲ್ಲಿ ಮಾತ್ರ ಅಲ್ಲ, ಅಮೆರಿಕದಲ್ಲೂ ಹೀಗೇ ಅಂತ. ಅಲ್ಲಿ ಕರುಳಿನ ಕಾಯಿಲೆಯವರಲ್ಲಿ ಯಾರು ಲಸಿಕೆ ಹಾಕಿಸ್ಕೊಂಡಿದ್ದಾರೆ ಅಂತ ಲೆಕ್ಕ ತೆಗೆದಾಗೆಲ್ಲ ಕಪ್ಪು ಜನ, ಇನ್ಶೂರೆನ್ಸ್ ಇಲ್ಲದೋರು, ಬಡವರು ಹಿಂದೆ ಉಳಿದಿರೋದು ಕಾಣುತ್ತಂತೆ. ಯಾಕೆ ಹಾಕಿಸ್ಕೊಳ್ಳಲಿಲ್ಲ ಅಂದ್ರೆ ತುಂಬ ಜನ ಕೊಡೋ ಉತ್ತರವೂ ನಮ್ಮ ಪಾಂಡವಪುರದ ತಂಗಿ ಕೊಟ್ಟಿದ್ದೇ, ಯಾರೂ ಹೇಳ್ಲಿಲ್ಲ. ಕರುಳಿನ ಡಾಕ್ಟ್ರು ಲಸಿಕೆ ಅಂದ್ರೆ ಫ್ಯಾಮಿಲಿ ಡಾಕ್ಟ್ರ ಕೆಲಸ ಅನ್ಕೊಳ್ತಾರೆ, ಫ್ಯಾಮಿಲಿ ಡಾಕ್ಟ್ರು ಇಂಥ ಮಾತ್ರೆ ತಗೊಳ್ಳೋರಿಗೆ ಏನಾದ್ರೂ ಹಾಕಿ ಎಡವಟ್ಟಾದ್ರೆ ಅಂತ ಸ್ಪೆಷಲಿಸ್ಟನ್ನ ಕೇಳಿ ಅಂತಾರೆ, ಇಬ್ಬರ ಮಧ್ಯೆ ರೋಗಿ. 2017ರಲ್ಲಿ ಅಮೆರಿಕದ ಗ್ಯಾಸ್ಟ್ರೋ ಡಾಕ್ಟ್ರ ಸಂಘ ಮಾರ್ಗಸೂಚಿ ಬರೆದು ಈ ಹೊಣೇಲಿ ಕರುಳಿನ ಡಾಕ್ಟ್ರಿಗೂ ಪಾಲಿದೆ ಅಂತ ಹೇಳಿತು, 2021ರಲ್ಲಿ ಯುರೋಪಿನೋರು ಕೆನಡಾದೋರು ಲಸಿಕೆ ಬಗ್ಗೆ ತಮ್ಮ ಮಾರ್ಗಸೂಚಿ ಬರೆದ್ರು. ಈ ಡಾಕ್ಟ್ರು ರೂಮು ಮಾಡಿದ್ದು ಅದನ್ನ ಓದಿದ್ಮೇಲೆ ಅಂತ ಅವ್ರೇ ಹೇಳಿದ್ರು. ಅದಕ್ಕೇ ಇಲ್ಲಿ ನಿಯಮ ಒಂದೇ, ಅಜಥಯೋಪ್ರಿನ್ ಆಗ್ಲಿ ಬಯಲಾಜಿಕ್ ಆಗ್ಲಿ ಬರೆಯೋ ಚೀಟಿ ಮೊದ್ಲು ಲಸಿಕೆ ರೂಮಿಗೆ ಹೋಗುತ್ತೆ, ಸಿಸ್ಟರ್ ಸೀಲ್ ಹಾಕಿದ್ಮೇಲೆ ಮೆಡಿಕಲ್ ಸ್ಟೋರಿಗೆ. ಕಾರಲ್ಲಿ ಬಂದೋರೂ ಒಂದೇ, ಬಸ್ಸಲ್ಲಿ ಬಂದೋರೂ ಒಂದೇ. ನಂಗೆ ಈ ಕ್ಲಿನಿಕ್ಕಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ಸಿದ್ದು ಆ ಸೀಲು.

ಇನ್ನೊಂದು ಕಣ್ಣಾರೆ ಕಂಡಿದ್ದು. ಕ್ರೋನ್ಸ್ ಇರೋ ಒಂದು ಹುಡುಗಿ, ಏಳು ತಿಂಗಳ ಬಸುರಿ, ಇನ್‌ಫ್ಲಿಕ್ಸಿಮ್ಯಾಬ್ ನಡೀತಿದೆ, ಗಂಡನ ಜೊತೆ ಮದ್ದೂರಿಂದ ಬಂದಿದ್ಳು. ಸಿಸ್ಟರ್ ಅವಳ ತಾಯಿ ಕಾರ್ಡ್ ಇಸ್ಕೊಂಡು ಮೊದಲ ಪುಟಕ್ಕೇ ಒಂದು ಕೆಂಪು ಚೀಟಿ ಪಿನ್ ಮಾಡಿದ್ರು, "ಮಗುವಿಗೆ ಬಿಸಿಜಿ ಮತ್ತು ರೋಟಾ ಲಸಿಕೆ ಕೊಡುವ ಮುನ್ನ ಮಕ್ಕಳ ವೈದ್ಯರನ್ನು ಕೇಳಬೇಕು, ತಾಯಿಗೆ ಇನ್‌ಫ್ಲಿಕ್ಸಿಮ್ಯಾಬ್ ಆಗಿದೆ" ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ. ನಮ್ಮಲ್ಲಿ ಮಗು ಹುಟ್ಟಿದ ತಕ್ಷಣ ಬಿಸಿಜಿ ಹಾಕ್ಬಿಡ್ತಾರಲ್ವಾ, ಅದು ಕ್ಷಯದ್ದು, ಜೀವ ಇರೋ ಲಸಿಕೆ. ತಾಯಿಯ ಔಷಧಿ ಹೊಕ್ಕುಳಬಳ್ಳಿ ಮೂಲಕ ಮಗುಗೂ ಹೋಗಿ ತಿಂಗಳುಗಟ್ಟಲೆ ಇರುತ್ತೆ, ಅಂಥ ಮಗುಗೆ ಬಿಸಿಜಿ ಹಾಕಿದ್ರೆ ಜೀವಕ್ಕೇ ಅಪಾಯ ಆಗ್ಬಹುದು, ಆರು ತಿಂಗಳಿಂದ ಒಂದು ವರ್ಷದವರೆಗೆ ಮುಂದಕ್ಕೆ ಹಾಕ್ಬೇಕು. ಹೆರಿಗೆ ವಾರ್ಡಲ್ಲಿ ರಾತ್ರಿ ಡ್ಯೂಟೀಲಿರೋ ನರ್ಸಿಗೆ ಇದು ಹೇಗೆ ಗೊತ್ತಾಗ್ಬೇಕು, ಆ ಕೆಂಪು ಚೀಟಿ ಇಲ್ದಿದ್ರೆ? ಗಂಡನನ್ನ ಕೂರಿಸಿ "ನೀನು ಓದಪ್ಪ, ಜೋರಾಗಿ ಓದು, ನಿಮ್ಮಮ್ಮಂಗೂ ಅತ್ತೆಗೂ ಹೇಳ್ಬೇಕು" ಅಂತ ಎರಡು ಸಲ ಓದಿಸಿದ್ರು.

ಈಗ ಆ ಕಮ್ಮಿಯಾದ ಸ್ಟಾರು. ಲಸಿಕೆ ರೂಮು ತೆಗೆಯೋದು ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ. ಮೈಸೂರಲ್ಲಿ ಇರೋ ನನಗೇ ಕಷ್ಟ, ಕೆ.ಆರ್.ಪೇಟೆ, ನಾಗಮಂಗಲ, ಮಳವಳ್ಳಿಯಿಂದ ಬರೋರಿಗೆ ಒಂದು ದಿನದ ಕೂಲಿ ಹೋದ ಹಾಗೆ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಫ್ರೀ ಇದೆ, 2023ರ ಜೂನಿಂದ ಇದರಿಂದ ಎಷ್ಟೋ ಜನ ಆಸ್ಪತ್ರೆಗೆ ಬರೋ ಹಾಗಾಗಿದೆ, ಆದ್ರೆ ಬಸ್ ಫ್ರೀ ಆದ್ರೂ ಹೋದ ಕೂಲಿ ಯಾರು ಕೊಡ್ತಾರೆ. ಮೂರು ಡೋಸಿಗೆ ಮೂರು ಸಲ, ರಕ್ತ ಪರೀಕ್ಷೆಗೆ ಇನ್ನೊಂದು ಸಲ. ಭಾನುವಾರ ಬೆಳಿಗ್ಗೆ ಎರಡು ಗಂಟೆ ತೆಗೆದ್ರೆ ಸಾಕು ಅಂತ ನಾನು ಬರೆದುಕೊಟ್ಟಿದ್ದೀನಿ, ನೋಡೋಣ ಅಂದಿದ್ದಾರೆ, ಇನ್ನೂ ಆಗಿಲ್ಲ. ಮೊದಲನೇ ಮಹಡಿ, ಲಿಫ್ಟ್ ಇಲ್ಲ, ಕೀಲುನೋವು ಇರೋರು ನಮ್ಮ ಕಾಯಿಲೇಲಿ ಬಹಳ ಜನ, ಕಂಬಿ ಹಿಡ್ಕೊಂಡು ಹತ್ತೋದನ್ನ ನೋಡೋಕಾಗಲ್ಲ. ಹೋದ ವರ್ಷ ಫ್ಲೂ ಲಸಿಕೆ ಜೂನಲ್ಲಿ ಖಾಲಿಯಾಗಿ ಮೂರು ವಾರ ಇರ್ಲಿಲ್ಲ, ಮಳೆಗಾಲದಲ್ಲೇ ಫ್ಲೂ ಏರೋದು, ಆಗ್ಲೇ ಇಲ್ಲ ಅಂದ್ರೆ ಹೇಗೆ. ಮತ್ತೆ ಶಿಂಗ್ರಿಕ್ಸಿಗೆ ಮುಂಗಡ ಪೂರ್ತಿ ದುಡ್ಡು ಕಟ್ಟಿಸ್ಕೊಂಡೇ ತರಿಸೋದು, ಕಂತಿನ ಅನುಕೂಲ ಇಲ್ಲ. ಅವ್ರ ಕಷ್ಟ ನಂಗೆ ಅರ್ಥ ಆಗುತ್ತೆ, ತರಿಸಿಟ್ಟು ಯಾರೂ ಬರದೇ ಎಕ್ಸ್‌ಪೈರ್ ಆದ್ರೆ ಅವ್ರಿಗೇ ನಷ್ಟ, ಆದ್ರೂ ಬರೀಲೇಬೇಕು.

ಕೈಗೆ ಕೊಡೋ ಹಾಳೆ ಬಗ್ಗೆ ಒಂದು ಮಾತು. ಮುಂಚೆ ಇಂಗ್ಲಿಷಲ್ಲಿ ಮಾತ್ರ ಇತ್ತು. ಈಗ ಕನ್ನಡದ್ದು ಮಾಡಿದ್ದಾರೆ, ಮೊದಲ ಪ್ರತೀಲಿ "ನಿಷ್ಕ್ರಿಯಗೊಳಿಸಲ್ಪಟ್ಟ ಲಸಿಕೆ" ಅಂತೆಲ್ಲ ಇತ್ತು, ನಾನು ಒಂದು ಭಾನುವಾರ ಕೂತು ಸಿಸ್ಟರ್ ಬಾಯಲ್ಲಿ ಹೇಳೋ ಹಾಗೇ "ಸತ್ತ ಕ್ರಿಮಿಯ ಲಸಿಕೆ, ನೀವು ಹಾಕಿಸ್ಕೋಬಹುದು" ಅಂತ ತಿದ್ದಿಕೊಟ್ಟೆ. ಹಾಗೇ ಪ್ರಿಂಟ್ ಮಾಡಿಸಿದ್ರು. ಓದೋಕೆ ಬರದೇ ಇರೋರಿಗೆ ಸಿಸ್ಟರ್ ಡೋಸಿನ ಹಿಂದಿನ ದಿನ ಸಂಜೆ ಫೋನ್ ಮಾಡ್ತಾರೆ, ಮೆಸೇಜಲ್ಲ, ಫೋನು. ಮನೇಲಿ ಒಂದೇ ಫೋನಿದ್ದು ಅದು ಗಂಡನ ಹತ್ರ ಇದ್ರೆ ಪಕ್ಕದ ಮನೆ ನಂಬರ್ ಬರೆದಿಟ್ಕೊಂಡಿರ್ತಾರೆ.

ಹೋಗೋರು ಹಳೇ ಚೀಟಿ ಎಲ್ಲ ತಗೊಂಡು ಹೋಗಿ, ಖಾಲಿ ಮಾತ್ರೆ ಶೀಟೂ ಇರ್ಲಿ. ತೋಳು ಮೇಲೆ ಮಡಚೋಕೆ ಬರೋ ಬಟ್ಟೆ ಹಾಕ್ಕೊಳ್ಳಿ. ಅಮ್ಮ ಆಗಿತ್ತಾ ಅಂತ ಮನೆಯ ಹಿರಿಯರನ್ನ ಈಗ್ಲೇ ಕೇಳಿ ಬರೆದಿಟ್ಕೊಳ್ಳಿ, ಅವ್ರು ಇರೋವಾಗ್ಲೇ. ಫ್ಲೂದು ಏಪ್ರಿಲ್ ಮೇ ಒಳಗೆ ಮುಗಿಸಿ, ಪ್ರತಿ ವರ್ಷ ಬೇಕು, ವೈರಸ್ ಬದಲಾದ ಹಾಗೆ ಲಸಿಕೆಯನ್ನೂ ಬದಲಾಯಿಸ್ತಾರೆ, ಹೋದ ವರ್ಷದ್ದು ಈ ವರ್ಷಕ್ಕೆ ನಡೆಯಲ್ಲ. ಫೋನ್ ಮಾಡಿ ಸ್ಟಾಕ್ ಇದ್ಯಾ ಕೇಳ್ಕೊಂಡೇ ಹೊರಡಿ.

ಪಾಂಡವಪುರದ ತಂಗಿಗೆ ಆವತ್ತೇ ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿ, ಕಾಯಿಲೆ ಇಲ್ಲ ಅಂತ ಬಂದ್ಮೇಲೆ ಮೊದಲ ಡೋಸ್ ಹಾಕ್ಸಿದ್ವಿ, ನ್ಯುಮೋನಿಯಾದ್ದೂ ಆಯ್ತು. ಅದಕ್ಕೆ ಸಿಸ್ಟರ್ ಡಾಕ್ಟ್ರ ಹತ್ರ ಮಾತಾಡಿ ಫೀಸ್ ಬಿಡಿಸಿದ್ರು, ಔಷಧಿ ದುಡ್ಡಲ್ಲಿ ಅವಳು ಅರ್ಧ ಕೊಟ್ಳು, ಪೂರ್ತಿ ನಾನೇ ಕೊಡ್ತೀನಿ ಅಂದ್ರೆ ಒಪ್ಪಲಿಲ್ಲ. ಬರೋವಾ‌ಗ ಚೀಲದಲ್ಲಿ ಎರಡು ಅಚ್ಚು ಬೆಲ್ಲ ತಂದಿದ್ಳು, ಒಂದು ನಂಗೆ ಒಂದು ಸಿಸ್ಟರಿಗೆ. ಬೆನ್ನಿನ ಉರಿಗೆ ನರದ ಮಾತ್ರೆ ನಡೀತಿದೆ, ಈಗ ಸಡಿಲ ರವಿಕೆ ಹಾಕ್ತಾಳೆ, ಕುರ್ಚಿಗೆ ಒರಗಿ ಕೂರೋದು ಇನ್ನೂ ಆಗಲ್ಲ. ಆರು ತಿಂಗಳಲ್ಲಿ ಮುಗೀಬೇಕಿದ್ದ ಮೂರನೇ ಡೋಸು ಕಬ್ಬು ಅರೆಯೋ ಕೆಲಸದಲ್ಲಿ ಬರೋಕಾಗದೆ ತಡವಾಗಿ ಆಯ್ತು. ಮೂರು ಡೋಸ್ ಆಗಿ ಎರಡು ತಿಂಗಳಿಗೆ ಪ್ರತಿಕಾಯ ಎಷ್ಟಿದೆ ಅಂತ ರಕ್ತ ನೋಡ್ತಾರೆ, ಹತ್ತಕ್ಕಿಂತ ಮೇಲಿರ್ಬೇಕು. ನಂದು ಬಂದಿತ್ತು. ಅವಳದ್ದು ನಾಲ್ಕು. ಸ್ಟೀರಾಯ್ಡ್, ಅಜಥಯೋಪ್ರಿನ್ ಮೇಲೆ ಇರೋರಿಗೆ ಹೀಗಾಗೋದು ಇದ್ದದ್ದೇ, ಮತ್ತೆ ಹಾಕಿಸ್ಬೇಕು ಅಂತ ಸಿಸ್ಟರ್ ಫೋನಲ್ಲೇ ಹೇಳಿದ್ರು. ನಾನು ಹಿಂಜರೀತಾ ಅವಳಿಗೆ ಹೇಳಿದೆ, ಮತ್ತೆ ಮೊದಲಿಂದ ಅಂತೆ ಕಣಮ್ಮ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು "ಯಾವಾಗ ಬರ್ಬೇಕಕ್ಕ" ಅಂದ್ಳು.

ಮುಂದಿನ ಮಂಗಳವಾರ. ನಂದೂ ಈ ವರ್ಷದ ಫ್ಲೂ ಬಾಕಿ ಇದೆ, ಅರ್ಧ ದಿನ ರಜೆ ಬರ್ದಿದ್ದೀನಿ. ಅವಳು ಒಂಬತ್ತಕ್ಕೆ ಸಬರ್ಬ್ ಬಸ್‌ಸ್ಟ್ಯಾಂಡಲ್ಲಿ ಇಳೀತಾಳೆ, ಅಲ್ಲಿಂದ ಆಟೋದಲ್ಲಿ ಇಬ್ಬರೂ ಒಟ್ಟಿಗೆ ಹೋಗ್ತೀವಿ.